ಗರ್ಟ್ರೂಡ್ ಎಲಿಯನ್

ಸರ್ಪಸುತ್ತು ಎದ್ದಿತೆಂದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೆಮ್ಮಣ್ಣು ಹಚ್ಚಿಸಿ ಮಂತ್ರ ಹಾಕಿಸುವವರುಂಟು. ಗುಳ್ಳೆಗಳ ಸಾಲು ನಡುವನ್ನು ಸುತ್ತಿ ಹಾವಿನ ತಲೆಬಾಲಗಳು ಕೂಡಿದರೆ ಮನುಷ್ಯ ಉಳಿಯನೆಂಬುದು ಹಿರಿಯರ ಅಂಜಿಕೆ. ಅದೇ ರೋಗಕ್ಕೆ ವೈದ್ಯರು ಬರೆದುಕೊಡುವ ಗುಳಿಗೆಗಳಲ್ಲಿ ಅಸೈಕ್ಲೊವಿರ್ ಒಂದು. ಅದರ ಹಿಂದಿರುವ ಮಹಿಳೆಯ ಹೆಸರನ್ನು ಬಲ್ಲವರು ನಮ್ಮಲ್ಲಿ ವಿರಳ.

ಎಲಿಯನ್ 1918ರ ಜನವರಿ 23ರಂದು ನ್ಯೂಯಾರ್ಕಿನಲ್ಲಿ ಜನಿಸಿದರು. ತಂದೆ ಲಿಥುವೇನಿಯಾದಿಂದ ಬಂದ ದಂತವೈದ್ಯರು. 1929ರ ಆರ್ಥಿಕ ಕುಸಿತದಲ್ಲಿ ಕೈಯಲ್ಲಿದ್ದುದೆಲ್ಲ ಹೋಯಿತು. ಹದಿನೈದರ ವಯಸ್ಸಿನಲ್ಲಿ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ತೀರಿಕೊಂಡದ್ದನ್ನು ಕಂಡು ಹುಡುಗಿ ರಸಾಯನಶಾಸ್ತ್ರದತ್ತ ತಿರುಗಿದಳು. ಹಂಟರ್ ಕಾಲೇಜಿನಲ್ಲಿ ಶುಲ್ಕವಿರಲಿಲ್ಲ. ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದ ನನ್ನಂಥವರಿಗೆ ಈ ಮಾತು ಬೇಗನೆ ತಿಳಿಯುತ್ತದೆ.

1937ರಲ್ಲಿ ಪದವಿ ಬಂದಿತು, ಕೆಲಸ ಬರಲಿಲ್ಲ. ಪ್ರಯೋಗಶಾಲೆಗಳಿಗೆ ಹೆಂಗಸು ಬೇಡವಾಗಿತ್ತು. ಕೆಲವು ಕಾಲ ಸಂಬಳವಿಲ್ಲದೆ ದುಡಿದರು, ಶಾಲೆಯಲ್ಲಿ ಪಾಠ ಹೇಳಿದರು, ದಿನಸಿ ವ್ಯಾಪಾರದ ಕಂಪನಿಯೊಂದಕ್ಕಾಗಿ ಉಪ್ಪಿನಕಾಯಿಯ ಹುಳಿಯನ್ನು ಅಳೆದರು. ಯುದ್ಧಕ್ಕೆ ಗಂಡಸರು ಹೊರಟುಹೋದ ಮೇಲೆ, 1944ರಲ್ಲಿ, ಬರೋಸ್ ವೆಲ್ಕಮ್ ಕಂಪನಿಯ ಜಾರ್ಜ್ ಹಿಚಿಂಗ್ಸರು ಅವರನ್ನು ಸಹಾಯಕಿಯಾಗಿ ತೆಗೆದುಕೊಂಡರು. ರಾತ್ರಿ ಹೊತ್ತು ಡಾಕ್ಟರೇಟಿಗೆ ಓದುತ್ತಿದ್ದಾಗ, ಕೆಲಸ ಬಿಟ್ಟು ಪೂರ್ಣಕಾಲ ಓದಬೇಕೆಂಬ ಷರತ್ತು ಬಂದಿತು. ಎಲಿಯನ್ ಓದನ್ನೇ ಬಿಟ್ಟರು.

ಜೀವಕೋಶ ಬೆಳೆಯಲು ನ್ಯೂಕ್ಲಿಯಿಕ್ ಆಮ್ಲ ಬೇಕು. ಅದರ ಘಟಕಗಳನ್ನು ಕಟ್ಟಿಕೊಡುವವು ಕಿಣ್ವಗಳು. ನಿಜವಾದ ಘಟಕದಲ್ಲಿ ಒಂದೆರಡು ಪರಮಾಣು ಬದಲಿಸಿ ನಕಲಿಯನ್ನು ಸಂಶ್ಲೇಷಿಸಿ ಕೊಟ್ಟರೆ ಕಿಣ್ವ ಅದನ್ನೇ ಹಿಡಿದು ಕೆಲಸ ಕೆಡಿಸಿಕೊಳ್ಳುತ್ತದೆ. ಆಮ್ಲಜನಕವಿದ್ದೆಡೆ ಗಂಧಕವನ್ನಿಟ್ಟು ಮಾಡಿದ 6-ಮರ್ಕ್ಯಾಪ್ಟೊಪ್ಯೂರಿನ್ 1953ರಲ್ಲಿ ರಕ್ತಕ್ಯಾನ್ಸರಿನ ಮಕ್ಕಳಿಗೆ ಔಷಧವಾಯಿತು.

ವೈರಸ್ಸಿನ ವಿಷಯ ಇನ್ನೂ ಕಠಿಣ. ಅದು ನಮ್ಮ ಕೋಶದೊಳಗೇ ಕುಳಿತಿರುವುದರಿಂದ ಅದಕ್ಕೆ ಹಾಕಿದ ವಿಷ ನಮಗೂ ತಟ್ಟುತ್ತದೆ. 1968ರಲ್ಲಿ ಎಲಿಯನ್ ಈ ಪ್ರಶ್ನೆಗೆ ಮರಳಿದರು. ಅವರ ತಂಡ ಮತ್ತು ಹೊವರ್ಡ್ ಶೇಫರರ ದುಡಿಮೆಯಿಂದ ಅಸೈಕ್ಲೊವಿರ್ ಹೊರಬಂದಿತು. 1978ರಲ್ಲಿ ಲೋಕಕ್ಕೆ ತಿಳಿಯಿತು. ಅದರ ಜಾಣತನ ನೋಡಿ: ಹರ್ಪಿಸ್ ವರ್ಗದ ವೈರಸ್ಸಿನ ಸ್ವಂತ ಕಿಣ್ವವೇ ಔಷಧಕ್ಕೆ ಮೊದಲ ಫಾಸ್ಫೇಟನ್ನು ಜೋಡಿಸುತ್ತದೆ. ಬಳಿಕ ಕೋಶದ ಕಿಣ್ವಗಳು ಇನ್ನೆರಡನ್ನು ಸೇರಿಸುತ್ತವೆ. ಹೀಗೆ ಸಿದ್ಧವಾದ ನಕಲಿ, ವೈರಸ್ಸಿನ ಡಿ.ಎನ್.ಎ. ಕಟ್ಟುವ ಕಿಣ್ವವನ್ನು ಅಡ್ಡಗಟ್ಟಿ ಸರಪಣಿಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಸೋಂಕಿಲ್ಲದ ಕೋಶದಲ್ಲಿ ಮೊದಲ ಹೆಜ್ಜೆಯೇ ಬಹುಮಟ್ಟಿಗೆ ನಡೆಯದು. ನರಗಳಲ್ಲಿ ಅಡಗಿದ ವೈರಸ್ಸನ್ನು ಈ ಔಷಧ ಕಿತ್ತುಹಾಕಲಾರದು. ಸರ್ಪಸುತ್ತಿನಲ್ಲಿ ಗುಳ್ಳೆ ಎದ್ದ ಮೂರು ದಿನದೊಳಗೆ ಆರಂಭಿಸಿದರೆ ಫಲ ಹೆಚ್ಚು. ಮಂತ್ರಕ್ಕೆಂದು ಅಲೆಯುವಷ್ಟರಲ್ಲಿ ಆ ಗಡುವು ತೀರಿರುತ್ತದೆ.

1988ರಲ್ಲಿ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕರೊಡನೆ ನೊಬೆಲ್ ಬಹುಮಾನ ಬಂದಿತು. ನಡುವೆ ಬಿಟ್ಟ ಡಾಕ್ಟರೇಟನ್ನು ಅವರು ಕಡೆಗೂ ಓದಿ ಪಡೆಯಲಿಲ್ಲ. ಗೌರವ ಪದವಿಗಳು ತಾವಾಗಿ ಬಂದವು. 1999ರ ಫೆಬ್ರವರಿ 21ರಂದು ಉತ್ತರ ಕೆರೊಲಿನಾದಲ್ಲಿ ನಿಧನರಾದರು.