ಗೆದ್ದು, ಸೋತು, ಮತ್ತೆ ಗೆದ್ದ ಅಧ್ಯಕ್ಷ: ಗ್ರೋವರ್ ಕ್ಲೀವ್‌ಲ್ಯಾಂಡ್

ಅಧ್ಯಕ್ಷರ ಚುನಾವಣೆ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮ ಕನ್ನಡಿಗರ ಮನೆಗಳಲ್ಲೂ ಎರಡು ಮಾತು ತಪ್ಪದೇ ಬರುತ್ತವೆ. ದಿನಸಿ, ಗ್ಯಾಸು, ಮನೆ ಸಾಲದ ಬಡ್ಡಿ ಎಷ್ಟಾಯಿತು ಎಂಬುದು ಒಂದು. ಯಾವ ಪಕ್ಷದೊಳಗೆ ಯಾರು ಯಾರ ಕಾಲೆಳೆಯುತ್ತಿದ್ದಾರೆ ಎಂಬುದು ಇನ್ನೊಂದು. ಈ ಎರಡರ ಆಟಕ್ಕೆ ಸಿಕ್ಕಿ ಒಮ್ಮೆ ಗೆದ್ದು, ಒಮ್ಮೆ ಸೋತು, ಮತ್ತೊಮ್ಮೆ ಗೆದ್ದು, ಕಡೆಗೆ ಸ್ವಂತ ಪಕ್ಷದವರಿಂದಲೇ ದೂರವಾದವರು ಗ್ರೋವರ್ ಕ್ಲೀವ್‌ಲ್ಯಾಂಡ್. 2024ರಲ್ಲಿ ಡೊನಾಲ್ಡ್ ಟ್ರಂಪ್ ಮರಳಿ ಗೆದ್ದಾಗ ಪತ್ರಿಕೆಗಳೆಲ್ಲ ಈ ಹಳೆಯ ಹೆಸರನ್ನು ಧೂಳು ಕೊಡವಿ ಹೊರತೆಗೆದವು. ಅಲ್ಲಿಯವರೆಗೆ, ನಡುವೆ ನಾಲ್ಕು ವರ್ಷ ಬಿಟ್ಟು ಮತ್ತೆ ಅಧ್ಯಕ್ಷರಾದವರು ಇವರೊಬ್ಬರೇ. ಅವರ ಬದುಕನ್ನು ಸ್ವಲ್ಪ ವಿವರವಾಗಿ ನೋಡೋಣ ಬನ್ನಿ.

ಕ್ಲೀವ್‌ಲ್ಯಾಂಡ್ ಹುಟ್ಟಿದ್ದು 1837ರ ಮಾರ್ಚ್ 18ರಂದು, ನ್ಯೂಜೆರ್ಸಿಯ ಕಾಲ್ಡ್‌ವೆಲ್‌ನಲ್ಲಿ. ತಂದೆ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಇವರು ಐದನೆಯವರು. ಹದಿನಾರನೇ ವಯಸ್ಸಿನಲ್ಲಿ ತಂದೆ ತೀರಿಕೊಂಡರು, ಕಾಲೇಜಿನ ಆಸೆಯೂ ಅಲ್ಲಿಗೇ ಮುಗಿಯಿತು. ನ್ಯೂಯಾರ್ಕಿನ ಅಂಧರ ಶಾಲೆಯೊಂದರಲ್ಲಿ ಕೆಲಕಾಲ ಪಾಠ ಹೇಳಿದರು. ಬಳಿಕ ಬಫಲೋ ಊರಿನಲ್ಲಿ ನೆಂಟರೊಬ್ಬರ ಆಸರೆ ಪಡೆದು, ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಕಾನೂನು ಕಲಿತು 1859ರಲ್ಲಿ ವಕೀಲರಾದರು. ಅಂತರ್ಯುದ್ಧಕ್ಕೆ ಕರೆ ಬಂದಾಗ ತಮ್ಮ ಬದಲಿಗೆ ಇನ್ನೊಬ್ಬನಿಗೆ 150 ಡಾಲರ್ ಕೊಟ್ಟು ಕಳಿಸಿದರು. ಅದು ಆಗಿನ ಕಾನೂನಿಗೆ ಸಮ್ಮತವೇ ಆಗಿತ್ತು, ಆದರೆ ವಿರೋಧಿಗಳು ಕಡೆತನಕ ಅದನ್ನು ಬಿಡಲಿಲ್ಲ.

ರಾಜಕೀಯದಲ್ಲಿ ಅವರು ಏರಿದ ವೇಗ ಇಂದಿಗೂ ಬೆರಗು ಹುಟ್ಟಿಸುತ್ತದೆ. 1882ರಲ್ಲಿ ಬಫಲೋ ಮೇಯರ್, 1883ರಲ್ಲಿ ನ್ಯೂಯಾರ್ಕ್ ಗವರ್ನರ್, 1885ರಲ್ಲಿ ಅಮೆರಿಕದ ಅಧ್ಯಕ್ಷ! ಇದಕ್ಕೆ ಕಾರಣ ಒಂದೇ: ಬೇಡ ಅನ್ನುವ ಧೈರ್ಯ. ಬೀದಿ ಗುಡಿಸುವ ಗುತ್ತಿಗೆಯಲ್ಲಿ ಊರಿನ ಹಣ ಹೊಡೆಯಲು ಹೊರಟವರನ್ನು ಮೇಯರ್ ಆಗಿ ತಡೆದರು. ಗವರ್ನರ್ ಆದ ಮೇಲೆ ತಮ್ಮದೇ ಡೆಮಾಕ್ರಟಿಕ್ ಪಕ್ಷದ ಬಲಿಷ್ಠ ಕೂಟವಾದ ಟ್ಯಾಮನಿ ಹಾಲ್‌ನವರನ್ನು ಎದುರು ಹಾಕಿಕೊಂಡರು. ನ್ಯೂಯಾರ್ಕ್ ನಗರದ ಮತಗಳನ್ನು ಕೈಯಲ್ಲಿಟ್ಟುಕೊಂಡಿದ್ದ ಕೂಟ ಅದು. ಮನೆಯೊಳಗಿನ ಈ ವೈರ ಅವರನ್ನು ಬಹಳ ವರ್ಷ ಕಾಡಿತು.

1884ರಲ್ಲಿ ಮಾತ್ರ ಹೆಚ್ಚು ಒಡೆದಿದ್ದು ಎದುರಿನವರ ಮನೆ. ರಿಪಬ್ಲಿಕನ್ ಅಭ್ಯರ್ಥಿ ಜೇಮ್ಸ್ ಬ್ಲೇನ್ ಮೇಲೆ ರೈಲ್ವೆ ಕಂಪನಿಗಳಿಂದ ಲಾಭ ಪಡೆದ ಆರೋಪವಿತ್ತು. ಅದನ್ನು ಸಹಿಸದ ಹಲವು ರಿಪಬ್ಲಿಕನ್ನರು ಪಕ್ಷ ಬಿಟ್ಟು ಕ್ಲೀವ್‌ಲ್ಯಾಂಡ್ ಕಡೆಗೆ ಬಂದರು. ಇವರನ್ನು ಮಗ್‌ವಂಪ್‌ಗಳು ಎಂದು ಜನ ಗೇಲಿ ಮಾಡುತ್ತಿದ್ದರು. ಕ್ಲೀವ್‌ಲ್ಯಾಂಡರೂ ಪೂರ್ತಿ ಶುಭ್ರವಾಗಿರಲಿಲ್ಲ. ಮದುವೆಯಾಗದೆ ಒಂದು ಮಗುವಿನ ಹೊಣೆ ಹೊತ್ತ ಹಳೆಯ ವಿಷಯ ಹೊರಬಿತ್ತು. ಅವರು ಮುಚ್ಚಿಡದೆ ಒಪ್ಪಿಕೊಂಡರು ಎಂದು ಹೊಗಳುವವರು ಇದ್ದಾರೆ. ಆದರೆ ಆ ಹೆಂಗಸು ಹೇಳಿದ ಕಥೆ ಬೇರೆಯೇ ಇತ್ತು, ಅವರನ್ನು ನಡೆಸಿಕೊಂಡ ರೀತಿ ಇಂದು ಓದಿದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಆ ಚುನಾವಣೆಯ ಕೊನೆಯ ವಾರ, ಅಕ್ಟೋಬರ್ 29ರಂದು, ಬ್ಲೇನ್ ಒಂದೇ ದಿನದಲ್ಲಿ ಎರಡು ಏಟು ತಿಂದರು. ಬೆಳಿಗ್ಗೆ ಅವರ ಎದುರಿನಲ್ಲೇ ಒಬ್ಬ ಪಾದ್ರಿ ಕ್ಯಾಥೊಲಿಕ್ಕರನ್ನು ಹೀಯಾಳಿಸಿ ಮಾತಾಡಿದರು, ಐರಿಷ್ ಮತದಾರರು ಕೆರಳಿದರು. ರಾತ್ರಿ ಭಾರೀ ಶ್ರೀಮಂತರೊಂದಿಗೆ ಡೆಲ್ಮೋನಿಕೋಸ್ ಹೋಟೆಲಿನಲ್ಲಿ ಭರ್ಜರಿ ಊಟ ಮಾಡಿದರು. ದೇಶದಲ್ಲಿ ಆಗ ವ್ಯಾಪಾರ ಕುಸಿದು, ಕೆಲಸವಿಲ್ಲದವರ ಸಾಲು ಬೆಳೆದಿತ್ತು. ಮರುದಿನ ಪತ್ರಿಕೆಯಲ್ಲಿ ಆ ಔತಣದ ವ್ಯಂಗ್ಯಚಿತ್ರ ಬಂತು, ಪಕ್ಕದಲ್ಲಿ ಬಡ ಕುಟುಂಬವೊಂದು ಕೈಚಾಚಿ ನಿಂತಿತ್ತು. ನ್ಯೂಯಾರ್ಕ್ ರಾಜ್ಯವನ್ನು ಬ್ಲೇನ್ ಕಳೆದುಕೊಂಡದ್ದು ಸುಮಾರು 1,100 ಮತಗಳಿಂದ. ಅದರೊಂದಿಗೆ ಅಧ್ಯಕ್ಷ ಪದವಿಯೂ ಹೋಯಿತು.

ಅಧ್ಯಕ್ಷರಾದ ಮೇಲೂ ಬೇಡ ಅನ್ನುವ ಅಭ್ಯಾಸ ಹೋಗಲಿಲ್ಲ. ಮೊದಲ ಅವಧಿಯಲ್ಲೇ 414 ಮಸೂದೆಗಳನ್ನು ತಿರಸ್ಕರಿಸಿದರು. 1887ರಲ್ಲಿ ಬರಗಾಲಕ್ಕೆ ಸಿಕ್ಕಿದ ಟೆಕ್ಸಾಸ್ ರೈತರಿಗೆ ಬಿತ್ತನೆ ಬೀಜಕ್ಕೆಂದು ಇಟ್ಟ ಬರೀ 10,000 ಡಾಲರ್ ಕೂಡ ಕೊಡಲಿಲ್ಲ. ಜನರನ್ನು ಸಾಕುವುದು ಸರಕಾರದ ಕೆಲಸವಲ್ಲ ಎಂಬುದು ಅವರ ನಂಬಿಕೆ. ಮಳೆ ನಂಬಿದ ಊರುಗಳಿಂದ ಬಂದ ನಮಗೆ ಇದು ಸರಿಕಾಣುವುದಿಲ್ಲ. ನಡುವೆ 1886ರ ಜೂನ್ 2ರಂದು ಶ್ವೇತಭವನದಲ್ಲೇ ಮದುವೆಯಾದರು. ವರನಿಗೆ 49, ವಧು ಫ್ರಾನ್ಸಿಸ್ ಫೋಲ್ಸಮ್‌ಗೆ 21.

1887ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸಿಗೆ ಕಳಿಸಿದ ವಾರ್ಷಿಕ ಸಂದೇಶವನ್ನು ಪೂರ್ತಿಯಾಗಿ ಆಮದು ಸುಂಕ ಒಂದಕ್ಕೇ ಮೀಸಲಿಟ್ಟರು. ಸುಂಕ ಹೆಚ್ಚಿದ್ದರಿಂದ ಖಜಾನೆಯಲ್ಲಿ ಬೇಕಿಲ್ಲದಷ್ಟು ಹಣ ಕೂಡಿತ್ತು, ಜನ ಮಾತ್ರ ಬಟ್ಟೆಬರೆಗೆ ಹೆಚ್ಚು ಬೆಲೆ ತೆರುತ್ತಿದ್ದರು. ಅದನ್ನು ಇಳಿಸಬೇಕೆಂದು ಅವರ ವಾದ. ಚುನಾವಣೆಗೆ ಮುಂಚೆ ಇದೆಲ್ಲ ಬೇಡ ಎಂದು ಹಿತೈಷಿಗಳು ಹೇಳಿದರೂ ಕೇಳಲಿಲ್ಲ. ಸುಂಕ ಇಳಿದರೆ ಕೂಲಿ ಇಳಿಯುತ್ತದೆ ಎಂದು ರಿಪಬ್ಲಿಕನ್ನರು ಕಾರ್ಖಾನೆಯ ಕೆಲಸಗಾರರಿಗೆ ಮನದಟ್ಟು ಮಾಡಿಸಿದರು. 1888ರಲ್ಲಿ ದೇಶದ ಒಟ್ಟು ಮತಗಳಲ್ಲಿ ಸುಮಾರು 90,000 ಮುಂದಿದ್ದರೂ ಕ್ಲೀವ್‌ಲ್ಯಾಂಡ್ ಬೆಂಜಮಿನ್ ಹ್ಯಾರಿಸನ್‌ಗೆ ಸೋತರು. ಎಲೆಕ್ಟೋರಲ್ ಮತಗಳು 233ಕ್ಕೆ 168. ಸ್ವಾರಸ್ಯ ಏನೆಂದರೆ, ಅದೇ ದಿನ ಅದೇ ನ್ಯೂಯಾರ್ಕ್ ರಾಜ್ಯದಲ್ಲಿ ಅವರದೇ ಪಕ್ಷದ ಡೇವಿಡ್ ಹಿಲ್ ಗವರ್ನರ್ ಆಗಿ ಗೆದ್ದರು. ಇಬ್ಬರಿಗೂ ಆಗುತ್ತಿರಲಿಲ್ಲ. ಹಿಲ್ ಕಡೆಯವರು ಒಳಗಿನಿಂದ ಕೈಕೊಟ್ಟರೆಂಬ ಗುಮಾನಿ ಹಾಗೇ ಉಳಿಯಿತು, ಸಾಬೀತಾಗಲಿಲ್ಲ.

ಹೊರಡುವಾಗ ಪತ್ನಿ ಫ್ರಾನ್ಸಿಸ್, ನಾಲ್ಕು ವರ್ಷಕ್ಕೆ ಸರಿಯಾಗಿ ನಾವು ಬರುತ್ತೇವೆ, ಸಾಮಾನು ಸರಂಜಾಮು ಜೋಪಾನ ಎಂದು ಶ್ವೇತಭವನದ ಸೇವಕರಿಗೆ ಹೇಳಿ ಹೋದರೆಂಬ ಕಥೆಯಿದೆ. ಆಗಿದ್ದೂ ಹಾಗೆಯೇ. 1890ರಲ್ಲಿ ರಿಪಬ್ಲಿಕನ್ನರು ಸುಂಕವನ್ನು ಇನ್ನೂ ಏರಿಸಿದರು, ಜನ ಸಿಟ್ಟಾದರು. 1892ರಲ್ಲಿ ಹ್ಯಾರಿಸನ್ ಅವರ ಮೇಲೆ ಪಕ್ಷದ ದೊಡ್ಡ ಮುಖಂಡರೇ ಮುನಿಸಿಕೊಂಡಿದ್ದರು. ಜುಲೈನಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತದ ಜಗಳ ರಕ್ತಪಾತಕ್ಕೆ ತಿರುಗಿ, ಸುಂಕದಿಂದ ಕೂಲಿ ಉಳಿಯುತ್ತದೆಂಬ ಮಾತು ಪೊಳ್ಳಾಯಿತು. ಇತ್ತ ಕ್ಲೀವ್‌ಲ್ಯಾಂಡರಿಗೆ ತಮ್ಮದೇ ರಾಜ್ಯವಾದ ನ್ಯೂಯಾರ್ಕಿನ 72 ಪ್ರತಿನಿಧಿಗಳೂ ವಿರುದ್ಧವಿದ್ದರು. ಆದರೂ ಉಳಿದ ರಾಜ್ಯಗಳ ಬಲದಿಂದ ಮೊದಲ ಸುತ್ತಿನಲ್ಲೇ ಅಭ್ಯರ್ಥಿಯಾಗಿ, ನವೆಂಬರ್‌ನಲ್ಲಿ 277 ಎಲೆಕ್ಟೋರಲ್ ಮತ ಪಡೆದು ಗೆದ್ದರು.

ಆದರೆ ಗೆದ್ದು ಕೂರುವಷ್ಟರಲ್ಲಿ ನೆಲ ಕುಸಿಯತೊಡಗಿತ್ತು. 1893ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಅಂಡ್ ರೀಡಿಂಗ್ ರೈಲ್ವೆ ಕಂಪನಿ ದಿವಾಳಿಯಾಯಿತು. ಆ ವರ್ಷ 500ಕ್ಕೂ ಹೆಚ್ಚು ಬ್ಯಾಂಕುಗಳು ಬಾಗಿಲು ಹಾಕಿದವು. ಕ್ಲೀವ್‌ಲ್ಯಾಂಡ್ ಗುಂಡಿ ಒತ್ತಿ ಉದ್ಘಾಟಿಸಿದ ಶಿಕಾಗೋ ವಿಶ್ವಮೇಳ ಈ ಕಷ್ಟದ ನಡುವೆಯೇ ನಡೆಯಿತು. ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಶಿಕಾಗೋದಲ್ಲಿ ಇಳಿದದ್ದು ಇಂಥ ದಿನಗಳಲ್ಲಿ.

ಇಲ್ಲಿ ಚಿನ್ನ ಬೆಳ್ಳಿಯ ಜಗಳವನ್ನು ಸ್ವಲ್ಪ ತಿಳಿಯಬೇಕು. ಪಶ್ಚಿಮದ ಮತ್ತು ದಕ್ಷಿಣದ ರೈತರು ಸಾಲದಲ್ಲಿ ಮುಳುಗಿದ್ದರು. ಬೆಳೆಯ ಬೆಲೆ ವರ್ಷವರ್ಷವೂ ಇಳಿಯುತ್ತಿತ್ತು, ಸಾಲ ಮಾತ್ರ ಇಳಿಯುತ್ತಿರಲಿಲ್ಲ. ಬೆಳ್ಳಿಯನ್ನೂ ಧಾರಾಳವಾಗಿ ನಾಣ್ಯ ಮಾಡಿದರೆ ಹಣದ ಓಡಾಟ ಹೆಚ್ಚಿ ಬೆಲೆ ಏರುತ್ತದೆ, ಸಾಲ ಹಗುರಾಗುತ್ತದೆ ಎಂಬುದು ಅವರ ಲೆಕ್ಕ. ಅವರ ಮನವೊಲಿಸಲು 1890ರ ಕಾನೂನು ತಿಂಗಳಿಗೆ 45 ಲಕ್ಷ ಔನ್ಸ್ ಬೆಳ್ಳಿಯನ್ನು ಸರಕಾರವೇ ಕೊಳ್ಳುವಂತೆ ಮಾಡಿತ್ತು. ಅದಕ್ಕೆ ಕೊಟ್ಟ ನೋಟುಗಳನ್ನು ಜನ ಖಜಾನೆಗೆ ತಂದು ಚಿನ್ನ ಎತ್ತಿಕೊಂಡು ಹೋದರು. ಬೆಳ್ಳಿ ಒಳಗೆ, ಚಿನ್ನ ಹೊರಗೆ! ಚಿನ್ನದ ದಾಸ್ತಾನು 10 ಕೋಟಿ ಡಾಲರಿಗಿಂತ ಕೆಳಗಿಳಿದಾಗ ಎಲ್ಲರಿಗೂ ದಿಗಿಲಾಯಿತು.

ಈ ಕಥೆಗೆ ನಮ್ಮ ದೇಶದ ನಂಟೂ ಇದೆ. ಆಗ ರೂಪಾಯಿ ಎಂದರೆ ಬೆಳ್ಳಿಯ ನಾಣ್ಯ. ಯಾರು ಬೆಳ್ಳಿ ತಂದರೂ ಭಾರತದ ಟಂಕಸಾಲೆಗಳು ಅದನ್ನು ರೂಪಾಯಿ ಮಾಡಿಕೊಡುತ್ತಿದ್ದವು. 1893ರ ಜೂನ್ 26ರಂದು ಬ್ರಿಟಿಷ್ ಸರಕಾರ ಆ ಬಾಗಿಲನ್ನು ಮುಚ್ಚಿತು. ಬೆಳ್ಳಿಯ ದೊಡ್ಡ ಗಿರಾಕಿಯೇ ಇಲ್ಲವಾಗಿ, ಜಗತ್ತಿನಲ್ಲಿ ಅದರ ಬೆಲೆ ಕೆಲವೇ ದಿನಗಳಲ್ಲಿ ಕುಸಿಯಿತು. ನಾಲ್ಕು ದಿನ ಕಳೆದು, ಜೂನ್ 30ರಂದು, ಬೆಳ್ಳಿ ಕೊಳ್ಳುವ ಕಾನೂನನ್ನು ರದ್ದುಮಾಡಲು ಕ್ಲೀವ್‌ಲ್ಯಾಂಡ್ ಕಾಂಗ್ರೆಸ್ಸಿನ ವಿಶೇಷ ಅಧಿವೇಶನ ಕರೆದರು.

ಮರುದಿನವೇ ಅಧ್ಯಕ್ಷರು ಗೆಳೆಯರೊಬ್ಬರ ಹಡಗಿನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಬಾಯಿಯ ಅಂಗುಳದಲ್ಲಿ ಗಡ್ಡೆ ಎದ್ದಿತ್ತು. ಮೇಲ್ದವಡೆಯ ಎಡಭಾಗವನ್ನು ವೈದ್ಯರು ಕತ್ತರಿಸಿ ತೆಗೆದರು, ಆಮೇಲೆ ರಬ್ಬರಿನ ದವಡೆ ಕೂರಿಸಿದರು. ದೇಶಕ್ಕೆ ಹೇಳಿದ್ದು ಹಲ್ಲುನೋವು, ಸಂಧಿವಾತ ಎಂದು. ಇಷ್ಟು ಗುಟ್ಟು ಏಕೆಂದರೆ ಉಪಾಧ್ಯಕ್ಷ ಅಡ್ಲೈ ಸ್ಟೀವನ್ಸನ್ ಬೆಳ್ಳಿಯ ಕಡೆಯವರು. ಪಕ್ಷವನ್ನು ಒಗ್ಗೂಡಿಸಲೆಂದೇ ಅವರನ್ನು ಟಿಕೆಟ್ಟಿನಲ್ಲಿ ಸೇರಿಸಿಕೊಂಡಿದ್ದರು. ಅಧ್ಯಕ್ಷರಿಗೆ ಕ್ಯಾನ್ಸರ್ ಎಂದು ತಿಳಿದಿದ್ದರೆ ಉಳಿದ ಚಿನ್ನವೂ ಖಾಲಿಯಾಗುತ್ತಿತ್ತು. ಆಗಸ್ಟ್ ಕೊನೆಯಲ್ಲಿ ಫಿಲಡೆಲ್ಫಿಯಾದ ಪತ್ರಕರ್ತ ಎಡ್ವರ್ಡ್ಸ್ ಇದ್ದದ್ದನ್ನು ಇದ್ದಂತೆ ಬರೆದರು, ಆದರೆ ಅವರನ್ನೇ ಸುಳ್ಳುಗಾರರನ್ನಾಗಿ ಮಾಡಲಾಯಿತು. ಡಾಕ್ಟರ್ ಕೀನ್ ಸತ್ಯ ಹೇಳಿದ್ದು 1917ರಲ್ಲಿ, ಅಧ್ಯಕ್ಷರು ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ!

ನವೆಂಬರ್ 1ರಂದು ಕಾನೂನು ರದ್ದಾಯಿತು. ಅದರೊಂದಿಗೆ ಪಕ್ಷವೂ ಒಡೆಯಿತು. ಕಷ್ಟಕಾಲ ನಿಲ್ಲಲಿಲ್ಲ. 1894ರಲ್ಲಿ ಕೆಲಸ ಕೇಳಿಕೊಂಡು ವಾಷಿಂಗ್‌ಟನ್‌ಗೆ ನಡೆದು ಬಂದ ನಿರುದ್ಯೋಗಿಗಳ ನಾಯಕ ಕಾಕ್ಸಿಯನ್ನು ಬಂಧಿಸಿದರು, ಪುಲ್‌ಮನ್ ರೈಲು ಮುಷ್ಕರ ಮುರಿಯಲು ಸೈನ್ಯ ಕಳಿಸಿದರು. ಸುಂಕ ಇಳಿಸುವ ಮಸೂದೆಯನ್ನು ಸ್ವಪಕ್ಷದ ಸೆನೆಟರುಗಳೇ ತಿದ್ದಿ ತಿದ್ದಿ ಕೆಡಿಸಿದ್ದರಿಂದ ಕ್ಲೀವ್‌ಲ್ಯಾಂಡ್ ಅದಕ್ಕೆ ಸಹಿ ಹಾಕದೆ ಬಿಟ್ಟರು. ಆ ವರ್ಷದ ಚುನಾವಣೆಯಲ್ಲಿ ಕೆಳಮನೆಯಲ್ಲಿ ಡೆಮಾಕ್ರಟರು ನೂರಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡರು. 1895ರಲ್ಲಿ ಖಜಾನೆಗೆ ಚಿನ್ನ ತುಂಬಲು ಬ್ಯಾಂಕರ್ ಜೆ.ಪಿ. ಮಾರ್ಗನ್ ನೆರವು ಪಡೆದದ್ದು ರೈತರ ಪಾಲಿಗೆ ಗಾಯದ ಮೇಲೆ ಉಪ್ಪು. ಸರಕಾರದ ಮಾತು ಉಳಿಯಿತು ನಿಜ. ಆದರೆ ಹಸಿದವರಿಗೆ ಅವರ ಬಳಿ ಕೊಡುವುದಕ್ಕೆ ಏನೂ ಇರಲಿಲ್ಲ, ಮತ ಹೋಗಿದ್ದು ಅಲ್ಲೇ ಎಂದು ನಮಗನ್ನಿಸುತ್ತದೆ.

1896ರ ಜುಲೈನಲ್ಲಿ ಶಿಕಾಗೋ ಸಮಾವೇಶದಲ್ಲಿ ಡೆಮಾಕ್ರಟರು ತಮ್ಮದೇ ಅಧ್ಯಕ್ಷರ ಆಡಳಿತವನ್ನು ಮೆಚ್ಚಿ ಒಂದು ಸಾಲಿನ ನಿರ್ಣಯ ಮಾಡಲೂ ಒಪ್ಪಲಿಲ್ಲ. ಬೆಳ್ಳಿಯ ಪರ ಭಾಷಣ ಮಾಡಿ ಸಭೆಯನ್ನು ಗೆದ್ದ, ಇನ್ನೂ 36ರ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅಭ್ಯರ್ಥಿಯಾದರು. ಚಿನ್ನದ ಕಡೆಯ ಡೆಮಾಕ್ರಟರು ಬೇರೆ ಪಕ್ಷ ಕಟ್ಟಿ 79ರ ವೃದ್ಧ ಜಾನ್ ಪಾಮರ್ ಅವರನ್ನು ನಿಲ್ಲಿಸಿದರು, ಕ್ಲೀವ್‌ಲ್ಯಾಂಡರ ಒಲವೂ ಅತ್ತಲೇ ಇತ್ತು. ರಿಪಬ್ಲಿಕನ್ನರ ವಿಲಿಯಂ ಮೆಕಿನ್ಲಿ 271ಕ್ಕೆ 176ರಿಂದ ಗೆದ್ದರು. ಡೆಮಾಕ್ರಟರು ಮತ್ತೆ ಶ್ವೇತಭವನ ಗೆದ್ದದ್ದು 1912ರಲ್ಲಿ. ಆಗ ರೂಸ್‌ವೆಲ್ಟ್ ಮತ್ತು ಟಾಫ್ಟ್ ಜಗಳದಲ್ಲಿ ಒಡೆದದ್ದು ರಿಪಬ್ಲಿಕನ್ನರ ಮನೆ.

ಅದನ್ನು ನೋಡಲು ಕ್ಲೀವ್‌ಲ್ಯಾಂಡ್ ಇರಲಿಲ್ಲ. ನಿವೃತ್ತರಾಗಿ ಪ್ರಿನ್ಸ್‌ಟನ್‌ನಲ್ಲಿ ನೆಲೆಸಿದ್ದರು. ಹಿರಿಯ ಮಗಳು ರೂತ್ ಹನ್ನೆರಡನೇ ವಯಸ್ಸಿಗೆ ಗಂಟಲಮಾರಿಯಿಂದ ತೀರಿಕೊಂಡಿದ್ದು 1904ರಲ್ಲಿ, ಆ ದುಃಖ ಅವರನ್ನು ಬಹಳ ಕುಗ್ಗಿಸಿತು. 1908ರ ಜೂನ್ 24ರಂದು ಕೊನೆಯುಸಿರೆಳೆದರು. ಅವರು ಹುಟ್ಟಿದ ಕಾಲ್ಡ್‌ವೆಲ್‌ನ ಮನೆಯನ್ನು ನ್ಯೂಜೆರ್ಸಿ ರಾಜ್ಯ ಕಾಪಾಡಿಕೊಂಡು ಬಂದಿದೆ. ಸಮಾಧಿ ಪ್ರಿನ್ಸ್‌ಟನ್ ಸ್ಮಶಾನದಲ್ಲಿ, ಮಗಳ ಪಕ್ಕದಲ್ಲಿದೆ.