ಕಟಕಟೆಯ ಹೊರಗಿದ್ದವರನ್ನೂ ಕಂಡ ನ್ಯಾಯಮೂರ್ತಿ

ನ್ಯಾಯಾಲಯದೊಳಗೆ ವಾದಿ, ಪ್ರತಿವಾದಿ, ವಕೀಲರು ಕಾಣುತ್ತಾರೆ. ಆದರೆ ತೀರ್ಪಿನ ಫಲವನ್ನು ಉಣ್ಣುವವರಲ್ಲಿ ಬಹುಮಂದಿ ಆ ಬಾಗಿಲನ್ನೇ ಕಂಡವರಲ್ಲ. ಅವರವರಿಗೆ ಸಲ್ಲತಕ್ಕದ್ದನ್ನು ಅವರವರಿಗೆ ಸಲ್ಲಿಸುವ ಸ್ಥಿರ ಸಂಕಲ್ಪವೇ ನ್ಯಾಯವೆಂದು ಹಿಂದಿನ ತತ್ತ್ವಜ್ಞಾನಿಗಳು ವಿವರಿಸಿದರು. ಹಾಗಾದರೆ ಎದುರಿಗೆ ಬಂದು ನಿಲ್ಲಲಾರದವನಿಗೆ ಸಲ್ಲತಕ್ಕದ್ದನ್ನು ಯಾರು ಗುರುತಿಸಬೇಕು? ನಮ್ಮ ಮಂಡ್ಯ ಜಿಲ್ಲೆಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರ ಬದುಕು ಈ ಪ್ರಶ್ನೆಗೆ ಒಂದು ಉತ್ತರ.

ಅವರು ಜನಿಸಿದ್ದು 1924ರ ಡಿಸೆಂಬರ್ 18ರಂದು, ಪಾಂಡವಪುರ ತಾಲ್ಲೂಕಿನ ಎಂಗಲಗುಪ್ಪೆಯಲ್ಲಿ. ಬೆಳಗಾವಿಯಲ್ಲಿಯೂ ಕಾನೂನು ವ್ಯಾಸಂಗ ಮಾಡಿ, 1946ರಲ್ಲಿ ವಕೀಲಿ ವೃತ್ತಿಗೆ ಕಾಲಿಟ್ಟರು. 1970ರಲ್ಲಿ ರಾಜ್ಯದ ಅಡ್ವೊಕೇಟ್ ಜನರಲ್ ಆದರು. ಅದೇ ವರ್ಷ ಅಂದಿನ ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1979ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತೆರಳಿದರು. 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಹೀಗೆ 19 ವರ್ಷಗಳಿಗೂ ಮೀರಿ ಅವರು ನ್ಯಾಯಪೀಠದಲ್ಲಿ ಕುಳಿತರು.

ಪತ್ರಿಕಾ ಕಾಗದದ ಮೇಲಿನ ಆಮದು ಸುಂಕವನ್ನು ಪತ್ರಿಕಾ ಸಂಸ್ಥೆಗಳು ಪ್ರಶ್ನಿಸಿದ್ದವು. 1984ರಲ್ಲಿ ಅದರ ತೀರ್ಪನ್ನು ಬರೆದವರು ಇವರೇ. ಪತ್ರಿಕೆಗಳು ತೆರಿಗೆಯಿಂದ ಮುಕ್ತವಲ್ಲ. ಆದರೆ ತೆರಿಗೆಯ ಭಾರ ವಿಚಾರ ಪ್ರಸಾರದ ಉಸಿರು ಕಟ್ಟಿಸಬಾರದೆಂಬುದು ಅದರ ಸಾರ. ಅಲ್ಲಿ ಅರ್ಜಿದಾರರು ಮಾಲೀಕರು. ರಕ್ಷಣೆ ದೊರೆತದ್ದು ಓದುಗನಿಗೂ.

1987ರ ಮೊಕದ್ದಮೆ ಇನ್ನೂ ಕಠಿಣವಾದದ್ದು. ಕಾನ್ಪುರದ ಬಳಿ ಚರ್ಮ ಹದಮಾಡುವ ಕಾರ್ಖಾನೆಗಳ ಹೊಲಸು ನೀರು ಗಂಗೆಯನ್ನು ಸೇರುತ್ತಿತ್ತು. ಅದನ್ನು ತಡೆಯಬೇಕೆಂದು ಕೋರಿದ ವಕೀಲ ಎಂ.ಸಿ. ಮೆಹ್ತಾ ನದೀತೀರದ ಜಮೀನುದಾರರಲ್ಲ. ಆದರೂ ಆ ನೀರನ್ನು ಕುಡಿಯುವ ಜನರ ಪರವಾಗಿ ಅವರು ಕೇಳಬಹುದೆಂದು ನ್ಯಾಯಾಲಯ ಒಪ್ಪಿತು. ಕಾರ್ಖಾನೆಗಳು ಮುಚ್ಚಿದರೆ ಕೂಲಿಕಾರನ ಅನ್ನಕ್ಕೆ ಕುತ್ತು. ನಡೆದರೆ ನದಿಯನ್ನು ನಂಬಿದವರ ಜೀವಕ್ಕೆ ಕುತ್ತು. ವೆಂಕಟರಾಮಯ್ಯನವರು ಕೂಲಿಕಾರನ ನಷ್ಟವನ್ನು ಮರೆಮಾಚಲಿಲ್ಲ. ಅದನ್ನೂ ತೂಗಿ, ಜನಸಮುದಾಯಕ್ಕಾಗುವ ಹಾನಿಯ ತಟ್ಟೆಯೇ ಭಾರವೆಂದು ಕಂಡರು. ಕನಿಷ್ಠ ಕೂಲಿ ಕೊಡಲಾಗದ ಉದ್ಯಮಕ್ಕೆ ಹೇಗೆ ನಡೆಯುವ ಹಕ್ಕಿಲ್ಲವೋ, ಕೊಳೆ ನೀರನ್ನು ಶುದ್ಧಗೊಳಿಸಲಾಗದ ಉದ್ಯಮಕ್ಕೂ ಹಾಗೆಯೇ ಎಂದು ತರ್ಕಿಸಿದರು. ಶುದ್ಧೀಕರಣ ವ್ಯವಸ್ಥೆಗೆ ಸಿದ್ಧರಿದ್ದವರಿಗೆ ಕಾಲಾವಕಾಶವಿತ್ತರು. ಉಳಿದವರಿಗೆ ಕೆಲಸ ನಿಲ್ಲಿಸುವ ಆಜ್ಞೆಯಾಯಿತು. ಮರುವರ್ಷದ ತೀರ್ಪಿನಲ್ಲಿ, ಶಾಲೆಗಳು ವಾರಕ್ಕೆ ಒಂದು ಗಂಟೆಯಾದರೂ ಪರಿಸರ ರಕ್ಷಣೆಯ ಪಾಠ ಹೇಳಬೇಕೆಂದೂ ಸೂಚಿಸಿದರು.

1997ರಲ್ಲಿ ಅವರು ತೀರಿಕೊಂಡರು. ಅವರ ಮಗಳು ಬಿ.ವಿ. ನಾಗರತ್ನ 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ತೀರ್ಪು ಬಂದರೂ ಗಂಗೆ ಪೂರ್ಣವಾಗಿ ಶುದ್ಧಳಾಗಲಿಲ್ಲ. ನ್ಯಾಯಾಧೀಶ ದಾರಿ ತೋರಬಲ್ಲ, ನಡೆಯಬೇಕಾದವರು ನಾವು. ನಮ್ಮ ಶಿಂಷೆಯೂ ಮದ್ದೂರನ್ನು ದಾಟಿ ಕಾವೇರಿಯನ್ನು ಸೇರುತ್ತಾಳೆ. ಮೇಲಿನ ಊರಿನವರು ನೀರಿಗೆ ಬಿಟ್ಟದ್ದು ಕೆಳಗಿನ ಊರಿನವರ ಕೊಡವನ್ನು ಸೇರುತ್ತದೆ. ಆ ಕೆಳಗಿನವರ ಮುಖವನ್ನು ನಾವು ಕಾಣುವುದಿಲ್ಲ. ಕಾಣದವರಿಗೂ ಅವರ ಪಾಲನ್ನು ಉಳಿಸುವುದೇ ನಮ್ಮ ಜಿಲ್ಲೆಯ ಈ ಹಿರಿಯರಿಗೆ ಸಲ್ಲಿಸಬಹುದಾದ ಗೌರವ.