ಎಡ್ವಿನ್ ಚಾಡ್ವಿಕ್: ಜನಾರೋಗ್ಯಕ್ಕೆ ಕಾಯಿದೆಯ ಬುನಾದಿ

ನಲ್ಲಿನೀರು, ಒಳಚರಂಡಿಗಳನ್ನು ಮಹಾನಗರವಾಸಿಗಳಾದ ನಾವು ಸಹಜವೆಂದೇ ಭಾವಿಸಿದ್ದೇವೆ. ಇವು ಸರಕಾರದ ಹೊಣೆಯೆಂದು ಕಾಯಿದೆಯಲ್ಲಿ ಬರೆಯಿಸಲು ಹೆಣಗಿದವರು ಇಂಗ್ಲೆಂಡಿನ ಎಡ್ವಿನ್ ಚಾಡ್ವಿಕ್ (1800-1890).

ಕಾರ್ಮಿಕರ ಕೊಳಕು ವಸತಿಗಳೇ ರೋಗಗಳ ನೆಲೆಯೆಂದು 1842ರ ವರದಿಯಲ್ಲಿ ಅವರು ಅಂಕಿ-ಅಂಶಗಳೊಡನೆ ತೋರಿಸಿದರು. 1848ರ ಸಾರ್ವಜನಿಕ ಆರೋಗ್ಯ ಕಾಯಿದೆಯನ್ವಯ ಕೇಂದ್ರ ಆರೋಗ್ಯ ಮಂಡಳಿ ರೂಪುಗೊಂಡಿತು; ಚಾಡ್ವಿಕ್ ಅದರ ಸದಸ್ಯರಾದರು. ವರ್ಷಕ್ಕೆ ಸಾವಿರಕ್ಕೆ 23ಕ್ಕಿಂತ ಹೆಚ್ಚು ಮರಣಗಳಿದ್ದ ಊರಿನಲ್ಲಿ ಸ್ಥಳೀಯ ಮಂಡಳಿಯನ್ನು ಕಡ್ಡಾಯಗೊಳಿಸಲು ಅವಕಾಶವಿತ್ತು. ಆದರೆ ಕೇಂದ್ರ ಮಂಡಳಿಗೆ ಮೊದಲು ದೊರೆತ ಆಯುಷ್ಯ 5 ವರ್ಷ ಮಾತ್ರ.

ದುರ್ವಾಸನೆಯೇ ರೋಗಕಾರಣವೆಂದು ನಂಬಿದ್ದ ಚಾಡ್ವಿಕ್, ಲಂಡನ್ನಿನ ಕೊಳಚೆಯನ್ನು ಥೇಮ್ಸ್ ನದಿಗೆ ಹರಿಸಿದ್ದು ಕಾಲರಾಕ್ಕೆ ಇಂಬುಕೊಟ್ಟಿತು. ಹಠದ ಸ್ವಭಾವ, ಸ್ಥಳೀಯರ ವಿರೋಧಗಳಿಂದ 1854ರಲ್ಲಿ ಅಧಿಕಾರ ಕಳೆದುಕೊಂಡರು; 1858ರಲ್ಲಿ ಮಂಡಳಿಯೂ ರದ್ದಾಯಿತು.

ಆದರೂ 1875ರ ಸಮಗ್ರ ಕಾಯಿದೆ ಅದೇ ಬುನಾದಿಯ ಮೇಲೆ ಎದ್ದಿತು. 1889ರಲ್ಲಿ 'ಸರ್' ಪದವಿ ಅರಸಿ ಬಂದಾಗ ಅವರಿಗೆ 89 ವರ್ಷ.